ಹಳೆಯ ಚಾಳುಗಳ ಅಳಿವು-ಉಳಿವು: ಕೆಡಹಬೇಕೋ, ಕಾಯಬೇಕೋ?

ವರ್ಷಂಪ್ರತಿ ಮುಂಗಾರಿನ ಮೋಡಗಳು ಮುಂಬಯಿಯ ಮೇಲೆ ಕವಿಯತೊಡಗಿದೊಡನೆ ಇಲ್ಲಿಯ ಹಳೆಯ ಮನೆಗಳ ಪ್ರಶ್ನೆಯೂ ತಲೆಯೆತ್ತುತ್ತದೆ. ಮಳೆಗಾಲಕ್ಕೆ ಮುನ್ನ ಮ್ಹಾಡಾ ಸಂಸ್ಥೆಯು ಅತ್ಯಂತ ಅಪಾಯಕರವಾದ ಕಟ್ಟಡಗಳ ಯಾದಿಯನ್ನು ಪ್ರಕಟಿಸುತ್ತದೆ. ನಿವಾಸಿಗಳ ಬಾಗಿಲಿಗೆ ನೋಟೀಸು ಬರುತ್ತದೆ. ಆ ದಿನ ಸಂಜೆ ಚಾಳಿನ ಅಂಗಳದಲ್ಲಿ ಸಭೆ ಸೇರುತ್ತದೆ. 'ಬೀಳುವ ಮೊದಲು ಕೆಡಹಿ ಹೊಸದನ್ನು ಕಟ್ಟಿರಿ' ಎಂದು ಒಂದು ಪಕ್ಷ. 'ಚೆನ್ನಾಗಿ ದುರಸ್ತಿ ಮಾಡಿದರೆ ಇನ್ನೂ ಐವತ್ತು ವರ್ಷ ನಿಂತೀತು' ಎಂದು ಮತ್ತೊಂದು ಪಕ್ಷ. 'ಇದು ಬರಿಯ ಕಲ್ಲು ಮರಗಳ ರಾಶಿಯಲ್ಲ, ಈ ನಗರದ ಚರಿತ್ರೆ' ಎಂದು ಹೊರಗಿನಿಂದ ಬಂದ ವಿದ್ವಾಂಸರ ಪಕ್ಷ. ಮೂವರ ಮಾತಿನಲ್ಲಿಯೂ ಸತ್ಯಾಂಶವುಂಟು. ಆದುದರಿಂದಲೇ ವಾದವು ಸುಲಭವಾಗಿ ಮುಗಿಯುವಂತಹದಲ್ಲ.

ಊರು ಬಿಟ್ಟು ಬಂದ ಕನ್ನಡಿಗರ ಪಾಲಿಗೆ ಈ ಪ್ರಶ್ನೆಯು ಪರರ ಮನೆಯ ಸುದ್ದಿಯಲ್ಲ. ದಕ್ಷಿಣ ಕನ್ನಡದಿಂದ ಹಡಗು ಹತ್ತಿ ಬಂದವರು, ಉತ್ತರ ಕರ್ನಾಟಕದಿಂದ ರೈಲು ಹತ್ತಿ ಬಂದವರು ಮೊದಲು ಕಾಲೂರಿದುದು ಇಂತಹ ಖೋಲಿಗಳಲ್ಲಿಯೇ. ಒಂದೇ ಸೀಮೆಯ ಹತ್ತು ಹನ್ನೆರಡು ಮಂದಿ ಒಂದು ಖೋಲಿಯನ್ನು ಹಿಡಿದು, ಹಗಲು ದುಡಿಯುವವನ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಹಗಲು ಮಲಗಿ, ಊರಿಗೆ ಮನಿಆರ್ಡರು ಕಳುಹಿಸಿದ ಕಾಲವನ್ನು ಇಂದಿನ ಹಿರಿಯರು ಮರೆತಿಲ್ಲ. ನಮ್ಮ ಹಲವು ಸಂಘಗಳ ಮೊದಲ ಸಭೆಗಳು ನೆರೆದುದೂ ಇಂತಹ ಬಾಡಿಗೆ ಕೋಣೆಗಳಲ್ಲಿಯೇ. ಆದ್ದರಿಂದ ಈ ಕಟ್ಟಡಗಳ ಅಳಿವು-ಉಳಿವಿನ ವಿಚಾರವನ್ನು ನಾವು ಸಮಚಿತ್ತದಿಂದ ಪರಾಮರ್ಶಿಸುವುದು ಯುಕ್ತ.

ಚಾಳುಗಳ ಹುಟ್ಟು

ಗಿರಣಿಗಳ ಹೊಗೆ ಮುಂಬಯಿಯ ಆಕಾಶಕ್ಕೇರಿದ ಕಾಲದಲ್ಲಿ ದುಡಿಯುವ ಕೈಗಳು ಬೇಕಾದವು. ಆದರೆ ಆ ಕೈಗಳಿಗೆ ತಲೆಯ ಮೇಲೊಂದು ಮಾಡು ಬೇಕೆಂಬುದು ಯಾರ ಗಮನಕ್ಕೂ ಬೇಗನೆ ಬರಲಿಲ್ಲ. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಿನ ಓಣಿಗಳಲ್ಲಿ 1896ರಲ್ಲಿ ಪ್ಲೇಗು ಕಾಣಿಸಿಕೊಂಡಿತು. ಆಗ ಸರಕಾರದ ಕಣ್ಣು ತೆರೆಯಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಹೊಸ ರಸ್ತೆಗಳು ತೆರೆದವು. ದಾದರ, ಮಾಟುಂಗಾಗಳಂತಹ ಯೋಜಿತ ಬಡಾವಣೆಗಳು ತಲೆಯೆತ್ತಿದವು. ಬಡವರಿಗಾಗಿ ಟ್ರಸ್ಟಿನ ಚಾಳುಗಳೂ ಕಟ್ಟಲ್ಪಟ್ಟವು.

ಮೊದಲ ಮಹಾಯುದ್ಧದ ತರುವಾಯ ಗವರ್ನರ್ ಲಾಯ್ಡ್ ಅವರ ಆಡಳಿತದಲ್ಲಿ, 1920ರಲ್ಲಿ, ಬಾಂಬೆ ಡೆವಲಪ್ಮೆಂಟ್ ಡಿಪಾರ್ಟ್ಮೆಂಟು ಹುಟ್ಟಿತು. ಅದು ಕಟ್ಟಿಸಿದವೇ ಇಂದಿಗೂ 'ಬಿ.ಡಿ.ಡಿ. ಚಾಳು'ಗಳೆಂದು ಹೆಸರಾದ ಕಟ್ಟಡಗಳು. ವರಳಿಯಲ್ಲಿ 121, ನಾಯಗಾಂವದಲ್ಲಿ 42, ಡಿಲಾಯಿಲ್ ರಸ್ತೆಯಲ್ಲಿ 32, ಶಿವಡಿಯಲ್ಲಿ 12, ಹೀಗೆ ಒಟ್ಟು 207. ನೆಲದ ಮೇಲೆ ಮೂರು ಮಾಳಿಗೆ. ಮಾಳಿಗೆಗೆ ಇಪ್ಪತ್ತು ಖೋಲಿ. ಖೋಲಿಯೊಂದಕ್ಕೆ ಸುಮಾರು 160 ಚದರ ಅಡಿ. ನಡುವೆ ಉದ್ದನೆಯ ನಡೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಮೋರಿ ಮತ್ತು ಶೌಚಗೃಹ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ವರಳಿಯ ಚಾಳುಗಳು ಸತ್ಯಾಗ್ರಹಿಗಳ ತಾತ್ಕಾಲಿಕ ಸೆರೆಮನೆಯಾಗಿದ್ದುದೂ ಉಂಟು.

ಇಂತಹ ಚಾಳುಗಳ ಬದುಕಿನಿಂದ ಈ ನಾಡಿಗೆ ಸಂದುದು ಅಲ್ಪವಲ್ಲ. ಗಿರಗಾಂವದ ಕೇಶವಜೀ ನಾಯಕ ಚಾಳಿನಲ್ಲಿ 1893ರಲ್ಲಿ ಆರಂಭವಾದ ಸಾರ್ವಜನಿಕ ಗಣೇಶೋತ್ಸವವು ಇಂದು ನಗರದ ಹಬ್ಬವಾಗಿದೆ. ಪರೇಲಿನ ಟ್ರಸ್ಟು ಚಾಳಿನ ಖೋಲಿಯಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಅನೇಕ ವರ್ಷ ಬಾಳಿದರು. ದೊಡ್ಡ ಮನೆಗಳಿಂದಲೇ ದೊಡ್ಡ ಕಾರ್ಯಗಳು ಹೊರಡಬೇಕೆಂಬ ನಿಯಮವಿಲ್ಲ.

ಅಲಕ್ಷ್ಯಕ್ಕೆ ಕಾರಣವೇನು?

ಹೀಗೆ ಬಾಳಿದ ಮನೆಗಳು ಹಾಳು ಬಿದ್ದುದು ವಯಸ್ಸಿನಿಂದ ಮಾತ್ರವಲ್ಲ. ನೂರು ವರ್ಷ ದಾಟಿದ ಕಲ್ಲು ಕಟ್ಟಡಗಳು ಕೋಟೆ ಭಾಗದಲ್ಲಿ ಇಂದಿಗೂ ಗಟ್ಟಿಮುಟ್ಟಾಗಿ ನಿಂತಿವೆ. ಅವಕ್ಕೆ ದಿಕ್ಕಿದೆ, ಇವಕ್ಕೆ ದಿಕ್ಕಿಲ್ಲ ಎಂಬುದೇ ವ್ಯತ್ಯಾಸ.

ಯುದ್ಧಕಾಲದಲ್ಲಿ ಬಾಡಿಗೆಗಳು ಏರತೊಡಗಿದಾಗ ಬಡ ಬಾಡಿಗೆದಾರನನ್ನು ರಕ್ಷಿಸುವುದು ಸರಕಾರದ ಧರ್ಮವಾಗಿತ್ತು. 1947ರ ಬಾಡಿಗೆ ನಿಯಂತ್ರಣ ಕಾಯಿದೆಯು ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ 1ರಂದು ಇದ್ದ ಮಟ್ಟಕ್ಕೆ ಕಟ್ಟಿಹಾಕಿತು. ಉದ್ದೇಶವೇನೋ ಸಾಧುವೇ. ಆದರೆ ಯುದ್ಧ ಮುಗಿದು ದಶಕಗಳು ಕಳೆದರೂ ಕಟ್ಟು ಸಡಿಲಲಿಲ್ಲ. ಅಕ್ಕಿಯ ಬೆಲೆ ಏರಿತು, ಸಿಮೆಂಟಿನ ಬೆಲೆ ಏರಿತು, ಗಾರೆಯವನ ಕೂಲಿ ಏರಿತು. ಖೋಲಿಯ ಬಾಡಿಗೆ ಮಾತ್ರ ನಿಂತಲ್ಲೇ ನಿಂತಿತು. ಮನೆಯೊಡೆಯನು ಸುಣ್ಣ ಬಳಿಸುವುದನ್ನೂ ನಿಲ್ಲಿಸಿದನು. ಬಾಡಿಗೆದಾರನಾದರೋ 'ಮನೆ ನನ್ನದಲ್ಲ, ನಾನೇಕೆ ಖರ್ಚು ಮಾಡಲಿ?' ಎಂದನು. ಖೋಲಿಗಳು ಪಗಡಿಯ ಮೇಲೆ ಗುಟ್ಟಾಗಿ ಕೈ ಬದಲಾಯಿಸಿದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬಂತೆ, ಒಡೆಯ ಮತ್ತು ಒಕ್ಕಲಿನ ನಡುವೆ ಕಟ್ಟಡವು ಬಡವಾಯಿತು. ಮಾಡು ಸೋರಿತು, ಗೋಡೆಯ ಬಿರುಕಿನಲ್ಲಿ ಅರಳಿಯ ಗಿಡ ಬೇರು ಬಿಟ್ಟಿತು, ತೇಗದ ತೊಲೆಗಳ ತುದಿ ನೀರು ಕುಡಿದು ಕೊಳೆಯಿತು.

ಮನೆಗಳು ಕುಸಿಯತೊಡಗಿದಾಗ, 1969ರಲ್ಲಿ, ದುರಸ್ತಿ ಮತ್ತು ಪುನರ್ನಿರ್ಮಾಣ ಮಂಡಳಿಯ ಕಾಯಿದೆ ಬಂದಿತು. ದ್ವೀಪನಗರದ 19,642 ಕಟ್ಟಡಗಳು ಇದರಡಿ ಬಂದವು. ನಿವಾಸಿಗಳಿಂದ ಸೆಸ್ಸು ಎತ್ತಿ, ಆ ಹಣದಿಂದ ದುರಸ್ತಿ ಮಾಡಿಸುವ ಏರ್ಪಾಟು ಅದು. ಆದರೆ ಕೂಡಿದ ಹಣವೆಷ್ಟು, ಕೊಳೆತ ತೊಲೆಗಳೆಷ್ಟು? ಎಷ್ಟೋ ಕಡೆ ದುರಸ್ತಿಯೆಂದರೆ ಮರದ ಟೇಕು ಕೊಟ್ಟು ನಿಲ್ಲಿಸುವುದೆಂದೇ ಅರ್ಥವಾಯಿತು.

ಈ ಬಾಡಿಗೆ ಕಾಯಿದೆಯನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದ ಮೊಕದ್ದಮೆಯ ಶಿರೋನಾಮೆಯಲ್ಲಿಯೇ ನಮ್ಮ ಕರಾವಳಿಯ ಊರಿನ ಹೆಸರಿದೆ ಎಂಬುದು ವಾಚಕರಿಗೆ ಕುತೂಹಲವೆನಿಸೀತು. 'ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ' ಎಂಬ ಆ ಪ್ರಕರಣದಲ್ಲಿ, 1997ರ ಡಿಸೆಂಬರದಲ್ಲಿ, ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿ ಇಡುವುದು ಕಾಲಾಂತರದಲ್ಲಿ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು ನ್ಯಾಯಾಲಯವು ತೀರ್ಮಾನಿಸಿತು. ತರುವಾಯ ಬಂದ 1999ರ ಕಾಯಿದೆಯು ವರ್ಷಕ್ಕೆ ಶೇಕಡಾ 4ರಷ್ಟು ಬಾಡಿಗೆ ಏರಿಸಲು ಎಡೆಗೊಟ್ಟಿತು. ಪಗಡಿಗೂ ಕಾನೂನಿನ ಮನ್ನಣೆ ದೊರೆಯಿತು. ಆದರೆ ತೀರ ಸಣ್ಣ ಮೊತ್ತಕ್ಕೆ ಶೇಕಡಾ ನಾಲ್ಕು ಕೂಡಿದರೆ ಎಷ್ಟಾದೀತು? ರೋಗವು ಅಷ್ಟರಲ್ಲಿ ಎಲುಬಿಗಿಳಿದಿತ್ತು.

ಕೆಡಹಬೇಕೆನ್ನುವವರ ಮಾತು

ಕೆಡಹಿರೆನ್ನುವವರನ್ನು ಇತಿಹಾಸದ ವೈರಿಗಳೆಂದು ಜರೆಯುವುದು ಅನ್ಯಾಯ. 2013ರ ಸೆಪ್ಟೆಂಬರದಲ್ಲಿ ಡಾಕ್ಯಾರ್ಡ್ ರಸ್ತೆಯ ಸಮೀಪ ನಗರಪಾಲಿಕೆಯದೇ ಆದ ಕಟ್ಟಡವೊಂದು ಕುಸಿದು ಅರುವತ್ತರಷ್ಟು ಜನ ಮಡಿದರು. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೇನಿ ಕಟ್ಟಡ ಕುಸಿದು 33 ಮಂದಿ ಸತ್ತರು. 2019ರ ಜುಲೈಯಲ್ಲಿ ಡೋಂಗರಿಯಲ್ಲಿ ಮತ್ತೊಂದು ಕುಸಿಯಿತು. ಬೀಳುವ ಮನೆಯಲ್ಲಿ ಮಲಗುವವನಿಗೆ ಶಿಲ್ಪಶಾಸ್ತ್ರದ ಪಾಠ ಹೇಳಿ ಫಲವಿಲ್ಲ. ಎಂಬತ್ತರ ಮುದುಕಿ ನಡುರಾತ್ರಿಯಲ್ಲಿ ಎದ್ದು, ಉದ್ದನೆಯ ನಡೆಯನ್ನು ದಾಟಿ, ಸರದಿಯಲ್ಲಿ ನಿಂತು ಶೌಚಕ್ಕೆ ಹೋಗಬೇಕಾದ ಸ್ಥಿತಿಯನ್ನು 'ಸಮುದಾಯ ಜೀವನ'ವೆಂದು ಹೊಗಳುವುದು ಹೊರಗೆ ನಿಂತು ನೋಡುವವನಿಗೆ ಮಾತ್ರ ಸಾಧ್ಯ. ಮಗಳಿಗೆ ಓದಲು ಒಂದು ಮೂಲೆ, ಸೊಸೆಗೆ ಮರೆಯಾಗಿ ಬಟ್ಟೆ ಬದಲಾಯಿಸಲು ಒಂದು ಬಾಗಿಲು, ಇಷ್ಟು ಬೇಡುವುದು ಅತ್ಯಾಶೆಯಲ್ಲ.

ಬಿ.ಡಿ.ಡಿ. ಚಾಳುಗಳ ನಿವಾಸಿಗಳಿಗೆ 160 ಚದರ ಅಡಿಯ ಬದಲು 500 ಚದರ ಅಡಿಯ ಸ್ವಂತ ಮನೆಯನ್ನು ಹಣವಿಲ್ಲದೆ ಕೊಡುವ ಯೋಜನೆಗೆ 2017ರಲ್ಲಿ ಶಂಕುಸ್ಥಾಪನೆಯಾಯಿತು. ವರಳಿಯಲ್ಲಿ ಮೊದಲ 556 ಕುಟುಂಬಗಳಿಗೆ ಬೀಗದ ಕೈ ದೊರೆತುದು 2025ರ ಆಗಸ್ಟದಲ್ಲಿ. ಮೂರು ತಲೆಮಾರು ಒಂದೇ ಖೋಲಿಯಲ್ಲಿ ಕಳೆದವರಿಗೆ ಅದು ಸಣ್ಣ ಸಂಗತಿಯಲ್ಲ.

ಕಾಯಬೇಕೆನ್ನುವವರ ಮಾತು

ಇತ್ತ ಕಾಯಬೇಕೆನ್ನುವವರ ವಾದವನ್ನೂ ಹಗುರವಾಗಿ ತಳ್ಳುವಂತಿಲ್ಲ. 1995ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆಗೆ ನಿಯಮಗಳನ್ನು ರಚಿಸಿದುದರಲ್ಲಿ ಮುಂಬಯಿಯು ಭಾರತದ ನಗರಗಳಿಗೆ ಮೇಲ್ಪಂಕ್ತಿಯಾಯಿತು. 2018ರಲ್ಲಿ ಓವಲ್ ಮೈದಾನದ ಸುತ್ತಲಿನ ವಿಕ್ಟೋರಿಯಾ ಕಾಲದ ಮತ್ತು ಆರ್ಟ್ ಡೆಕೊ ಶೈಲಿಯ ಕಟ್ಟಡ ಸಮೂಹವು ಯುನೆಸ್ಕೊದ ವಿಶ್ವ ಪರಂಪರೆಯ ಯಾದಿಯನ್ನು ಸೇರಿತು. ಅವುಗಳಲ್ಲಿ ಜನ ವಾಸಿಸುವ ಮನೆಗಳೂ ಸೇರಿವೆ ಎಂಬುದು ಗಮನಾರ್ಹ. ಹಳೆಯ ಮನೆಯೂ ಸುಖದ ಮನೆಯಾಗಿರಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಕೆಡಹುವ ಉತ್ಸಾಹದ ಹಿಂದೆ ನಿವಾಸಿಯ ಹಿತವೊಂದೇ ಇರುವುದಿಲ್ಲವೆಂಬುದು ಅವರ ಇನ್ನೊಂದು ಮಾತು. ಹಳೆಯ ನಿವಾಸಿಗಳಿಗೆ ಮನೆ ಕೊಟ್ಟು ಉಳಿದ ಮಾಳಿಗೆಗಳನ್ನು ಮಾರಿ ಲಾಭ ಪಡೆಯುವ ಅವಕಾಶ ಬಿಲ್ಡರನಿಗುಂಟು. ಭೂಮಿಯ ಬೆಲೆ ಏರಿದಷ್ಟೂ ದುರಸ್ತಿಯ ಮಾತು ಯಾರಿಗೂ ರುಚಿಸದು. ನೆಗಡಿ ಬಂದರೆ ಮೂಗನ್ನೇ ಕೊಯ್ದರೆಂಬಂತೆ, ನಾಲ್ಕು ತೊಲೆ ಬದಲಾಯಿಸಿದರೆ ಸಾಕಾಗುವ ಕಡೆ ಇಡೀ ಕಟ್ಟಡಕ್ಕೆ ಮರಣ ಶಾಸನ ಬರೆಯುವುದೂ ಉಂಟು. ಹೊಸ ಗೋಪುರವು ಎದ್ದ ಮೇಲೆ ಲಿಫ್ಟು, ಪಂಪು, ಕಾವಲುಗಾರರ ಖರ್ಚು ತಿಂಗಳು ತಿಂಗಳು ಬರುತ್ತದೆ. ಅಲ್ಪ ಬಾಡಿಗೆಯಲ್ಲಿ ಬದುಕಿದ ನಿವೃತ್ತನಿಗೆ ಮೂಗಿಗಿಂತ ಮೂಗುತಿ ಭಾರವೆನಿಸುತ್ತದೆ. ಕೊನೆಗೆ ಅವನು ಮನೆ ಮಾರಿ ದೂರದ ಉಪನಗರಕ್ಕೆ ಹೊರಡುತ್ತಾನೆ.

ಪಾರಂಪರಿಕ ಯಾದಿಯನ್ನು ನಿವಾಸಿಗಳೆಲ್ಲರೂ ಸ್ವಾಗತಿಸುವರೆಂದೂ ಭಾವಿಸಲಾಗದು. 2012ರಲ್ಲಿ ಹೊಸ ಯಾದಿಯೊಂದು ಪ್ರಕಟವಾದಾಗ ಶಿವಾಜಿ ಪಾರ್ಕಿನ ನಿವಾಸಿಗಳಲ್ಲಿ ಅನೇಕರು ಅದನ್ನು ಬಲವಾಗಿ ವಿರೋಧಿಸಿದರು. 'ಮನೆಯನ್ನು ಕಾಯಿರೆಂದು ಆಜ್ಞಾಪಿಸುವವರು ಕಾಯುವ ಖರ್ಚನ್ನು ಕೊಡುವರೇ?' ಎಂಬ ಅವರ ಕೇಳಿಕೆಗೆ ಸಮರ್ಪಕವಾದ ಉತ್ತರ ಇನ್ನೂ ದೊರೆತಿಲ್ಲ.

ಒಂದು ಕಟ್ಟಡದ ಕಥೆ

ಈ ಇಕ್ಕಟ್ಟಿಗೆಲ್ಲ ಕನ್ನಡಿ ಹಿಡಿದಂತಿರುವುದು ಕಾಳಾ ಘೋಡಾದ ಎಸ್ಪ್ಲನೇಡ್ ಮ್ಯಾನ್ಶನ್. ಇಂಗ್ಲೆಂಡಿನಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ ತೊಲೆಗಳನ್ನು ಹಡಗಿನಲ್ಲಿ ತಂದು, 1860ರ ದಶಕದಲ್ಲಿ ಇಲ್ಲಿ ಜೋಡಿಸಿ ನಿಲ್ಲಿಸಿದ ಕಟ್ಟಡವದು. ಆಗ ಅದು ವಾಟ್ಸನ್ ಹೋಟೆಲು. 1896ರ ಜುಲೈ 7ರಂದು ಲ್ಯೂಮಿಯೇರ್ ಸಹೋದರರ ಚಲಚ್ಚಿತ್ರಗಳು ಭಾರತದಲ್ಲಿ ಮೊತ್ತಮೊದಲು ಪ್ರದರ್ಶಿತವಾದುದು ಅಲ್ಲಿಯೇ. ಹೋಟೆಲು ಮುಚ್ಚಿದ ಮೇಲೆ ಅದು ಸಣ್ಣ ಸಣ್ಣ ಕೋಣೆಗಳಾಗಿ ಹಂಚಿಹೋಗಿ, ವಕೀಲರ ಕಚೇರಿಗಳೂ ಅಂಗಡಿಗಳೂ ತುಂಬಿದವು. 2005ರಲ್ಲಿ ಅದರ ಬಾಲ್ಕನಿಯ ಭಾಗ ಕುಸಿದು ಪ್ರಾಣಹಾನಿಯಾಯಿತು. ಮರು ವರ್ಷದ ಜಾಗತಿಕ ಯಾದಿಯಲ್ಲಿ ಅಪಾಯದಲ್ಲಿರುವ ನೂರು ಸ್ಮಾರಕಗಳ ನಡುವೆ ಅದರ ಹೆಸರು ಕಾಣಿಸಿತು. ಜಗತ್ತು ಕೊಂಡಾಡಿತು, ಆದರೆ ಕಬ್ಬಿಣಕ್ಕೆ ಹಿಡಿದ ತುಕ್ಕು ಕೊಂಡಾಟದಿಂದ ಬಿಡಲಿಲ್ಲ. 2019ರಲ್ಲಿ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಒಳಗಿದ್ದವರನ್ನು ತೆರವು ಮಾಡಲಾಯಿತು. ಕೆಡಹುವುದೇ ಮೇಲೆಂದು ಐ.ಐ.ಟಿ.ಯ ವರದಿ ಹೇಳಿತು. ಉಳಿಸಲು ಸಾಧ್ಯವೆಂದು ಸಂರಕ್ಷಣಾ ತಜ್ಞರು ವಾದಿಸಿದರು. ಹೆಸರಿನ ಪಟ್ಟ ಕಟ್ಟಿದ ಮಾತ್ರಕ್ಕೆ ಕಟ್ಟಡವು ಉಳಿಯದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಮಾಡಬೇಕಾದುದೇನು?

ನಮ್ಮ ಅಭಿಪ್ರಾಯದಲ್ಲಿ, ಎಲ್ಲವನ್ನೂ ಕೆಡಹಿರೆನ್ನುವುದೂ ಎಲ್ಲವನ್ನೂ ಕಾಯಿರೆನ್ನುವುದೂ ಸೋಮಾರಿತನದ ಉತ್ತರಗಳೇ. ಪ್ರತಿಯೊಂದು ಕಟ್ಟಡವನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಲಾಭ-ನಷ್ಟಗಳ ಸಂಬಂಧವಿಲ್ಲದ ಇಂಜಿನಿಯರರು ನೋಡಿ ಅಭಿಪ್ರಾಯ ಕೊಡಬೇಕು. ಅವರ ವರದಿಯ ಪ್ರತಿ ಪ್ರತಿಯೊಬ್ಬ ನಿವಾಸಿಗೂ ಅವನು ಓದಬಲ್ಲ ಭಾಷೆಯಲ್ಲಿ ದೊರೆಯಬೇಕು. ದುರಸ್ತಿಗೆ ಒಗ್ಗುವುದನ್ನು ತಡಮಾಡದೆ ದುರಸ್ತಿ ಮಾಡಬೇಕು. ಒಗ್ಗದುದನ್ನು ಜೀವಹಾನಿಗೆ ಕಾಯದೆ ಇಳಿಸಬೇಕು. ನಾಡು ಒಂದು ಕಟ್ಟಡವನ್ನು ತನ್ನ ಆಸ್ತಿಯೆಂದು ಕರೆಯುವುದಾದರೆ ಅದರ ಖರ್ಚಿನಲ್ಲಿಯೂ ನಾಡು ಪಾಲುಗೊಳ್ಳಬೇಕು. ಬಾಡಿಗೆದಾರನ ಬೆನ್ನ ಮೇಲೆ ಚರಿತ್ರೆಯ ಭಾರವನ್ನು ಹೇರುವುದು ನ್ಯಾಯವಲ್ಲ.

ಇಂತಹ ಮನೆಗಳಲ್ಲಿರುವ ನಮ್ಮವರಿಗೆ ಕೆಲವು ಮಾತು ಹೇಳುವುದು ಅವಶ್ಯ. ಬಾಡಿಗೆಯ ರಸೀದಿಗಳನ್ನು ಜೋಪಾನವಾಗಿ ಕಾದಿಡಿರಿ. ಹಿರಿಯರು ತೀರಿಕೊಂಡ ಮೇಲೆ ರಸೀದಿಯು ಯಾರ ಹೆಸರಿನಲ್ಲಿದೆಯೆಂದು ನೋಡಿ, ಕ್ರಮವಾಗಿ ವರ್ಗಾಯಿಸಿಕೊಳ್ಳಿರಿ. ಊರಿಗೆ ಹೋದವರ ಹೆಸರಿನಲ್ಲಿಯೇ ಬಿಟ್ಟು ಹಕ್ಕು ಕಳೆದುಕೊಳ್ಳಬೇಡಿರಿ. ಬಿಲ್ಡರನ ಬಾಯಿಮಾತನ್ನು ನಂಬಿ ಖೋಲಿ ಬಿಡಬೇಡಿರಿ. ಎಷ್ಟು ಚದರ ಅಡಿ, ಎಷ್ಟನೆಯ ಮಾಳಿಗೆ, ಎಷ್ಟು ತಿಂಗಳಲ್ಲಿ, ಅಲ್ಲಿಯವರೆಗಿನ ಬಾಡಿಗೆ ಯಾರದು ಎಂಬುದೆಲ್ಲ ನೋಂದಾಯಿತ ಕರಾರಿನಲ್ಲಿರಲಿ. ತಾತ್ಕಾಲಿಕವೆಂದು ಟ್ರಾನ್ಸಿಟ್ ಕ್ಯಾಂಪಿಗೆ ಹೋದ ಕುಟುಂಬಗಳು ದಶಕಗಟ್ಟಲೆ ಅಲ್ಲಿಯೇ ಉಳಿದ ಉದಾಹರಣೆಗಳು ಈ ನಗರದಲ್ಲಿ ಬೇಕಾದಷ್ಟಿವೆ. ನೆರೆಯವರೊಡನೆ ಕೂಡಿ ಸೊಸೈಟಿ ಕಟ್ಟಿಕೊಂಡರೆ ಮಾತಿಗೆ ಬಲ ಬರುತ್ತದೆ. ಒಬ್ಬೊಬ್ಬರಾಗಿ ಸಹಿ ಹಾಕಿದವರು ಒಬ್ಬೊಬ್ಬರಾಗಿಯೇ ಕೆಡುತ್ತಾರೆ.

ಹಳೆಯ ಕಟ್ಟಡಗಳಲ್ಲಿ ಬಾಡಿಗೆ ಕೋಣೆ ಹೊಂದಿರುವ ಸಂಘಗಳೂ ಭಜನಾ ಮಂಡಳಿಗಳೂ ವಾಚನಾಲಯಗಳೂ ಇದನ್ನೇ ಅನುಸರಿಸತಕ್ಕದ್ದು. ಕರಾರಿನಲ್ಲಿ ತಮ್ಮ ಸ್ಥಳವನ್ನು ಬರೆಯಿಸಿಕೊಳ್ಳದಿದ್ದರೆ ನಾಳೆಯ ಗೋಪುರದಲ್ಲಿ ಕನ್ನಡದ ಫಲಕಕ್ಕೆ ಎಡೆಯಿರದು. ಕಟ್ಟಡವು ಇಳಿಯುವುದೇ ನಿಶ್ಚಯವಾದರೆ, ಅದಕ್ಕೆ ಮುನ್ನ ಗೋಡೆಯ ಮೇಲಿನ ಭಾವಚಿತ್ರಗಳನ್ನೂ ಕಪಾಟಿನ ನಡವಳಿ ಪುಸ್ತಕಗಳನ್ನೂ ಸುರಕ್ಷಿತ ಸ್ಥಳಕ್ಕೆ ಸಾಗಿಸಿರಿ. ಅಲ್ಲಿ ಬಾಳಿದ ಹಿರಿಯರ ನೆನಪುಗಳನ್ನು ಬರೆದಿಡಿರಿ. ಗೋಡೆಯನ್ನು ಮತ್ತೆ ಕಟ್ಟಬಹುದು. ತಿಪ್ಪೆಗೆ ಹೋದ ದಾಖಲೆಯನ್ನು ಮತ್ತೆ ಬರೆಯಲಾಗದು.

ಮನೆಯೆಂಬುದು ಅದರಲ್ಲಿ ವಾಸಿಸುವವರ ಕ್ಷೇಮಕ್ಕಾಗಿ ಇರತಕ್ಕದ್ದು. ಉಳಿಸಿದರೂ ಅವರಿಗಾಗಿ ಉಳಿಯಲಿ, ಕೆಡಹಿದರೂ ಅವರಿಗಾಗಿಯೇ ಕೆಡಹಲಿ. ಎರಡರಲ್ಲಿ ಯಾವುದೇ ಆಗಲಿ, ನಿರ್ಧಾರವು ಚಾಳಿನ ಅಂಗಳದಲ್ಲಿ, ಅಲ್ಲಿಯವರ ಸಮ್ಮತಿಯಿಂದ, ಮುಂದಿನ ಮಳೆ ಬರುವ ಮೊದಲೇ ಆಗಲೆಂಬುದು ನಮ್ಮ ಆಶಯ.