ಡಾಂಗಲ್ ಎಲ್ಲಿ ನಿಂತಿತು?

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ಜಗಳೂರಿನ ಲ್ಯಾಂಡ್‌ಲೈನ್‌ಗಳಲ್ಲಿ ಮೋಡೆಮ್ ಕೀರಲು ದನಿ ಹೊರಡಿಸುತ್ತಿದ್ದ ಕಾಲ ಮುಗಿಯಿತು. ಡಯಲ್-ಅಪ್ ಮಾತ್ರ ಮುಗಿದಿಲ್ಲ. ಫೈಬರ್ ತಲುಪದ ಊರಿನ ಶಾಲೆಯಲ್ಲೋ ತೋಟದ ಮನೆಯಲ್ಲೋ ಹಳೆಯ ಲಿನಕ್ಸ್ ಕಂಪ್ಯೂಟರಿಗೆ ಹಳೆಯ ಬಗೆಯ ಯುಎಸ್‌ಬಿ ಡಾಂಗಲ್ ಸಿಕ್ಕಿಸಿ ಕನೆಕ್ಟ್ ಒತ್ತಿದರೆ, ಅದು ಈಗಲೂ ಒಂದು ನಂಬರಿಗೆ ಡಯಲ್ ಮಾಡುತ್ತದೆ: *99#. ಆಮೇಲೆ ಮಾತುಕತೆ ನಡೆಯುವುದು ಪಿಪಿಪಿ ಎಂಬ ಹಳೆಯ ಪದ್ಧತಿಯಲ್ಲೇ. ಹಾಗಾಗಿ ಡಯಲ್-ಅಪ್ ಕಾಲದಲ್ಲಿ ದೋಷ ಹುಡುಕುತ್ತಿದ್ದ ಕ್ರಮ ಇಂದಿಗೂ ಕೆಲಸಕ್ಕೆ ಬರುತ್ತದೆ.

ನೆಟ್ ಬರಲಿಲ್ಲವೆಂದರೆ ‘ಫಾರ್ಮ್ಯಾಟ್ ಹೊಡೆಸಿ’ ಎನ್ನುವವರೇ ಹೆಚ್ಚು. ದಯವಿಟ್ಟು ಬೇಡ. ಐಟಿ ಫಾರ್ ಚೇಂಜ್ ಸಂಸ್ಥೆ ಮತ್ತು ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಸೇರಿ ನಡೆಸಿದ ‘ವಿಷಯ ಶಿಕ್ಷಕರ ವೇದಿಕೆ’ಯ ಮೂಲಕ ರಾಜ್ಯದ ಪ್ರೌಢಶಾಲಾ ಶಿಕ್ಷಕರು ಉಬುಂಟು ಲಿನಕ್ಸ್ ಕಲಿತು ದಶಕವೇ ದಾಟಿದೆ. ಅವರ ಶಾಲೆಗಳ ಕಂಪ್ಯೂಟರುಗಳಲ್ಲಿ ಮಕ್ಕಳ ಕೆಲಸ, ಪಾಠದ ಕಡತಗಳು ತುಂಬಿರುತ್ತವೆ. ಡಾಂಗಲ್ ಡಯಲ್ ಆಗಲಿಲ್ಲವೆಂದು ಅವನ್ನೆಲ್ಲ ಅಳಿಸುವುದು ಅನ್ಯಾಯ. ಸಂಪರ್ಕ ಹಂತಹಂತವಾಗಿ ಏರ್ಪಡುತ್ತದೆ. ಯಾವ ಹಂತದಲ್ಲಿ ನಿಂತಿತೆಂದು ಲಿನಕ್ಸ್ ತಾನೇ ಬರೆದಿಡುತ್ತದೆ. ಅದನ್ನು ಓದಿದರೆ ಸಾಕು.

ಮೊದಲ ಹಂತ, ಡಾಂಗಲ್ ಕಂಪ್ಯೂಟರಿಗೆ ಕಾಣಿಸುವುದು. ಬಹಳಷ್ಟು ಡಾಂಗಲ್‌ಗಳು ಸಿಕ್ಕಿಸಿದ ಕೂಡಲೇ ತಾವು ಸಿಡಿ ಡ್ರೈವ್ ಎಂದು ಹೇಳಿಕೊಳ್ಳುತ್ತವೆ, ವಿಂಡೋಸ್‌ಗೆ ಬೇಕಾದ ಡ್ರೈವರ್ ಅವುಗಳ ಒಳಗೇ ಇರುವುದರಿಂದ. ಅವನ್ನು ಮೋಡೆಮ್ ಆಗಿ ಬದಲಿಸುವುದು ‘ಯುಎಸ್‌ಬಿ-ಮೋಡ್‌ಸ್ವಿಚ್’ ಎಂಬ ಪುಟ್ಟ ತಂತ್ರಾಂಶ. ಅದಿಲ್ಲದಿದ್ದರೆ ಹಾಕಿಕೊಳ್ಳಿ, ಇದ್ದರೆ ಅರ್ಧ ನಿಮಿಷ ಕಾಯಿರಿ. ಡಾಂಗಲ್ ಕಾಣಿಸಿಕೊಂಡು ಮತ್ತೆ ಮತ್ತೆ ಮಾಯವಾಗುತ್ತಿದ್ದರೆ ವಿದ್ಯುತ್ ಸಾಲುತ್ತಿಲ್ಲ ಎಂದೇ ಮೊದಲು ಅನುಮಾನಿಸಿ. ಡೆಸ್ಕ್‌ಟಾಪ್‌ನ ಮುಂಭಾಗದ ಕಿಂಡಿ ಬಿಟ್ಟು ಹಿಂಭಾಗದ್ದಕ್ಕೆ ಹಾಕಿ. ಸಿಗ್ನಲ್‌ಗಾಗಿ ಕಿಟಕಿಯವರೆಗೆ ವೈರ್ ಎಳೆಯಬೇಕಾದರೆ ಗಿಡ್ಡನೆಯ, ದಪ್ಪ ವೈರನ್ನೇ ಬಳಸಿ.

ಎರಡನೆಯದು ಪೋರ್ಟ್ ತೆರೆಯುವುದು. ಇಲ್ಲಿ ಬರುವ ದೋಷದ ಸಾಲನ್ನು ಅಕ್ಷರ ಬಿಡದೆ ಓದಬೇಕು. ‘ಪರ್ಮಿಷನ್ ಡಿನೈಡ್’ ಎಂದರೆ ನಿಮ್ಮ ಬಳಕೆದಾರ ಖಾತೆ ‘ಡಯಲ್‌ಔಟ್’ ಗುಂಪಿನಲ್ಲಿಲ್ಲ. ಸೇರಿಸಿ, ಲಾಗ್‌ಔಟ್ ಆಗಿ ಮತ್ತೆ ಒಳಬನ್ನಿ, ಇಲ್ಲವಾದರೆ ಬದಲಾವಣೆ ಜಾರಿಗೆ ಬರುವುದಿಲ್ಲ. ‘ಡಿವೈಸ್ ಬಿಜಿ’ ಎಂದರೆ ಬೇರೊಂದು ತಂತ್ರಾಂಶ ಆ ಪೋರ್ಟನ್ನು ಹಿಡಿದುಕೊಂಡಿದೆ. ಸಾಮಾನ್ಯವಾಗಿ ಅದು ‘ಮೋಡೆಮ್‌ಮ್ಯಾನೇಜರ್’. ಡಯಲ್ ಮಾಡಲು ‘ಡಬ್ಲ್ಯುವಿಡಯಲ್’ ಎಂಬ ತಂತ್ರಾಂಶ ಬಳಸುವಾಗ ಮೋಡೆಮ್‌ಮ್ಯಾನೇಜರನ್ನು ನಿಲ್ಲಿಸಿ. ‘ನೋ ಸಚ್ ಫೈಲ್’ ಎಂದರೆ ಮೊದಲ ಹಂತವೇ ದಾಟಿಲ್ಲ. ಒಂದೇ ಜಾಗದ ಈ ಮೂರು ದೋಷಗಳಿಗೆ ಮದ್ದು ಬೇರೆ ಬೇರೆ.

ಮೂರನೆಯದು ಟವರ್. ಅಡಿಕೆ ತೋಟದ ನಡುವಿನ ಮನೆಗಳಲ್ಲಿ ಅತಿ ಹೆಚ್ಚು ಕಾಡುವುದು ಇದೇ. ಮೋಡೆಮ್‌ಗೆ ‘ಎಟಿ+ಸಿಎಸ್‌ಕ್ಯೂ’ ಎಂಬ ಆದೇಶ ಕೊಟ್ಟರೆ 0ಯಿಂದ 31ರವರೆಗಿನ ಒಂದು ಅಂಕಿ ಬರುತ್ತದೆ. 10ಕ್ಕಿಂತ ಕಡಿಮೆಯಾದರೆ ಸಿಗ್ನಲ್ ದುರ್ಬಲ. 99 ಬಂದರೆ ಮೋಡೆಮ್‌ಗೆ ಏನೂ ತಿಳಿದಿಲ್ಲ. ಸಿಮ್ ಯಾವುದೆಂಬುದೂ ಮುಖ್ಯ. 2016ರಲ್ಲಿ ಶುರುವಾದ ಜಿಯೊ ಜಾಲದಲ್ಲಿ 2ಜಿ, 3ಜಿ ಇಲ್ಲವೇ ಇಲ್ಲ, ಹಾಗಾಗಿ ಹಳೆಯ 3ಜಿ ಡಾಂಗಲ್‌ಗೆ ಆ ಸಿಮ್ ಹಾಕಿ ಎಷ್ಟು ಹೊತ್ತು ಕೂತರೂ ಪ್ರಯೋಜನವಿಲ್ಲ. ಏರ್‌ಟೆಲ್ ಕೂಡ 3ಜಿ ನಿಲ್ಲಿಸಿದೆ.

ನಾಲ್ಕನೆಯದು ಡಯಲ್. ಟವರ್ ಸಿಕ್ಕಿಯೂ ‘ನೋ ಕ್ಯಾರಿಯರ್’ ಎಂದರೆ ಎಪಿಎನ್, ಅಂದರೆ ಕಂಪನಿಯ ಡೇಟಾ ಜಾಲದ ಹೆಸರು, ಸರಿಯಿದೆಯೇ ನೋಡಿ. ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’ ಎಂದು ಬರೆಯಬೇಕು, ನಡುವೆ ಜಾಗ ಬಿಡಬಾರದು. ಡೇಟಾ ಪ್ಯಾಕ್ ಮುಗಿದಿದ್ದರೂ ಇದೇ ಉತ್ತರ ಬರಬಹುದು. ಇನ್ನೊಂದು ಸೂಕ್ಷ್ಮವಿದೆ: ಮೊಬೈಲ್ ಜಾಲಗಳು ಸಾಮಾನ್ಯವಾಗಿ ಹೆಸರು, ಪಾಸ್‌ವರ್ಡ್ ಕೇಳುವುದಿಲ್ಲ, ಆದರೆ ಡಬ್ಲ್ಯುವಿಡಯಲ್ ಆ ಎರಡು ಜಾಗ ಖಾಲಿಯಿದ್ದರೆ ಮುಂದುವರಿಯದು. ಯಾವುದಾದರೂ ಒಂದು ಪದ ತುಂಬಿ.

ಲ್ಯಾಂಡ್‌ಲೈನ್ ಕಾಲದಲ್ಲಿ ಇದೇ ಹಂತದಲ್ಲಿ ‘ನೋ ಡಯಲ್‌ಟೋನ್’ ಕಾಡುತ್ತಿತ್ತು. ಡಯಲ್ ಟೋನ್‌ಗೆ ಕಾಯಬೇಡ ಎನ್ನುವ ‘ಎಟಿಎಕ್ಸ್3’ ಎಷ್ಟೋ ಮೋಡೆಮ್‌ಗಳನ್ನು ಉಳಿಸಿತು. ಕಂಪ್ಯೂಟರಿನ ಒಳಗೆ ಕೂರುವ ಅಗ್ಗದ ಮೋಡೆಮ್‌ಗಳು ತಮ್ಮ ಕೆಲಸವನ್ನೆಲ್ಲ ವಿಂಡೋಸ್ ಡ್ರೈವರ್ ಮೇಲೆ ಹೇರುತ್ತಿದ್ದುದರಿಂದ ಲಿನಕ್ಸ್‌ನಲ್ಲಿ ಸುಮ್ಮನಾಗುತ್ತಿದ್ದವು.

ಕನೆಕ್ಟ್ ಆಯಿತು, ಐಪಿ ವಿಳಾಸವೂ ಬಂತು, ಆದರೂ ಪುಟ ತೆರೆಯುವುದಿಲ್ಲ. ಜನ ಹೆಚ್ಚು ಸೋಲುವುದು ಇಲ್ಲೇ. 8.8.8.8 ಎಂಬ ಅಂಕಿ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದು, ಜಾಲತಾಣದ ಹೆಸರಿಗೆ ಮಾಡಿದಾಗ ಬರದಿದ್ದರೆ ಸಂಪರ್ಕ ಸರಿಯಿದೆ, ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ಕೆಟ್ಟಿದೆ. ಪಿಪಿಪಿ ಸಂರಚನೆಗೆ ‘ಯೂಸ್‌ಪಿಯರ್‌ಡಿಎನ್‌ಎಸ್’ ಸೇರಿಸಿ. ಅಂಕಿಗೂ ಉತ್ತರವಿಲ್ಲವೆಂದರೆ ದಾರಿ ತಪ್ಪಿರಬಹುದು. ಶಾಲೆಯ ಲ್ಯಾಬ್‌ನಲ್ಲಿ ಕಂಪ್ಯೂಟರುಗಳನ್ನು ಜೋಡಿಸಿದ ಲ್ಯಾನ್ ವೈರ್ ಇದ್ದರೆ ಲಿನಕ್ಸ್ ಹೊರಗಿನ ದಾರಿಯೂ ಅದೇ ಎಂದು ತಿಳಿದಿರುತ್ತದೆ, ಪಿಪಿಪಿ ಅದನ್ನು ಬದಲಿಸುವುದಿಲ್ಲ. ವೈರ್ ಕಿತ್ತು, ಮತ್ತೊಮ್ಮೆ ಡಯಲ್ ಮಾಡಿ ನೋಡಿ.

ಪಿಂಗ್ ಎರಡಕ್ಕೂ ಉತ್ತರ ಬಂದು, ಬ್ರೌಸರ್ ಮಾತ್ರ ಪ್ರತಿ ತಾಣವೂ ಅಸುರಕ್ಷಿತ ಎನ್ನುತ್ತಿದ್ದರೆ ಪರದೆಯ ಮೂಲೆಯ ತಾರೀಖು ನೋಡಿ. ಮದರ್‌ಬೋರ್ಡ್‌ನ ಸೆಲ್ ಸತ್ತ ಕಂಪ್ಯೂಟರಿನಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ತಾಣಗಳ ಪ್ರಮಾಣಪತ್ರದ ದಿನಾಂಕಗಳಿಗೆ ಅದು ಹೊಂದುವುದಿಲ್ಲ. ಸದ್ಯಕ್ಕೆ ತಾರೀಖು ಸರಿಪಡಿಸಿ, ಪೇಟೆಗೆ ಹೋದಾಗ ಸಿಆರ್2032 ಸೆಲ್ ಒಂದನ್ನು ತನ್ನಿ.