ಹಾಲಿನ ಸಾಲಿನಲ್ಲಿ ಹರಿಯುವ ಮಾತು

ಊರಿನಲ್ಲಿ ಸುದ್ದಿಯು ಯಾವ ದಾರಿಯಲ್ಲಿ ಸಂಚರಿಸುತ್ತದೆಂಬುದನ್ನು ಅರಿಯಬಯಸುವವರು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಯಾವುದಾದರೊಂದು ಹಳ್ಳಿಯ ಡೈರಿಯ ಮುಂದೆ ಮುಂಜಾನೆ ಕೆಲಹೊತ್ತು ನಿಲ್ಲಬೇಕು. ಜನರು ಡೈರಿಯೆಂದು ಕರೆಯುವುದು ಹಾಲು ಉತ್ಪಾದಕರ ಸಹಕಾರ ಸಂಘವನ್ನು. ಹಾಲನ್ನು ಅಳೆದು, ಜಿಡ್ಡಿನಂಶ ನೋಡಿ, ಲೆಕ್ಕ ಬರೆಯುವಷ್ಟರಲ್ಲಿ ಊರಿನ ವರ್ತಮಾನವೆಲ್ಲ ಬಾಯಿಂದ ಬಾಯಿಗೆ ದಾಟಿರುತ್ತದೆ.

ಸಂಘಕ್ಕೆ ಅಧಿಕೃತವಾದ ದಾರಿಯೂ ಒಂದುಂಟು. 1946ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಮೊದಲಾದ ಸಹಕಾರದ ಮಾದರಿಯಂತೆ ಹಳ್ಳಿಗೆ ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳಿ. ದರ, ಪಶುಆಹಾರ, ಲಸಿಕೆಗಳ ವಿಚಾರವು ಮೇಲಿನಿಂದ ಇಳಿದು ಸೂಚನಾ ಫಲಕವನ್ನು ಸೇರುತ್ತದೆ. ಕೆಳಗಿನ ಮಾತು ಮೇಲಕ್ಕೇರಬೇಕಾದರೆ ಮಹಾಸಭೆಯಲ್ಲಿ ಸದಸ್ಯರು ಎದ್ದು ನುಡಿಯಬೇಕು. ತೊಡಕು ಇರುವುದು ಇಲ್ಲಿಯೇ. ಹುಲ್ಲು ಹೊರುವವಳು, ಕೊಟ್ಟಿಗೆ ಗುಡಿಸುವವಳು, ಹಾಲು ಕರೆಯುವವಳು ಮನೆಯ ತಾಯಿ. ಅನೇಕ ಮನೆಗಳಲ್ಲಿ ಸದಸ್ಯತ್ವ ಮಾತ್ರ ಯಜಮಾನರ ಹೆಸರಿನಲ್ಲಿ. ಹಸು ಮೇವು ಬಿಟ್ಟುದನ್ನು ಕಂಡವಳು ಪಕ್ಕದಲ್ಲಿ ನಿಂತವಳಿಗೆ ಹೇಳಿ ಮನೆಗೆ ಮರಳುತ್ತಾಳೆ. ಸಭೆಯಲ್ಲಿ ಮಾತನಾಡುವವರು ಅದನ್ನು ಕಂಡವರಲ್ಲ! ಕೇಂದ್ರ ಸರ್ಕಾರದ ಸ್ಟೆಪ್ ಯೋಜನೆಯ ನೆರವಿನಿಂದ ಕರ್ನಾಟಕದಲ್ಲಿ ಮಹಿಳೆಯರದೇ ಹಾಲು ಸಂಘಗಳು ಹುಟ್ಟಿದವು. ಹಸುವನ್ನು ಬಲ್ಲವಳೇ ಸಭೆಯಲ್ಲಿ ಕುಳಿತುದು ಅದರ ದೊಡ್ಡ ಲಾಭವೆಂದು ನಮ್ಮ ಎಣಿಕೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಹೊಸ ಸುದ್ದಿಯು ಆಪ್ತರಿಗಿಂತ ಅಲ್ಪಪರಿಚಿತರಿಂದಲೇ ಹೆಚ್ಚಾಗಿ ಬರುತ್ತದೆಂದು ತೋರಿಸಿದರು. ಆಪ್ತರಿಗೆ ತಿಳಿದಿರುವುದು ನಮಗೂ ತಿಳಿದೇ ಇರುತ್ತದಷ್ಟೆ. ನೆಂಟರಿಷ್ಟರ ಬಳಗವು ಕಷ್ಟಕ್ಕೆ ಒದಗುತ್ತದೆ, ನಿಜ; ಆದರೆ ಅದರ ಸುದ್ದಿ ತನ್ನೊಳಗೇ ಸುತ್ತುತ್ತದೆ. ಹಾಲಿನ ಸಾಲಿನಲ್ಲಿಯಾದರೋ ಒಬ್ಬರ ಮನೆಗೊಬ್ಬರು ಹೋಗಿಬರದವರೂ ದಿನಕ್ಕೆ ಎರಡು ಹೊತ್ತು ಹಿಂದುಮುಂದಾಗಿ ನಿಲ್ಲುತ್ತಾರೆ. ಮೇಲಿನ ಕೇರಿಯ ಮಾತು ಕೆಳಗಿನ ಕೇರಿಗೆ ಇಳಿಯುವುದು ಇಂಥ ಕಡೆಯಲ್ಲಿ.

ಇದರ ಬೆಲೆ ತಿಳಿಯಬೇಕಾದರೆ 2022ನ್ನು ನೆನೆಯಬೇಕು. ಆ ವರ್ಷ ಕರ್ನಾಟಕದಲ್ಲಿ ಚರ್ಮಗಂಟು ರೋಗ ಹಬ್ಬಿತು. ರೋಗ ತಗುಲಿದ ಹಸುವಿನ ಹಾಲು ಮನುಷ್ಯರಿಗೆ ಕೇಡೆಂಬ ಸುಳ್ಳು ಮೊಬೈಲುಗಳಲ್ಲಿ ಹರಿದಾಡಿತು. ಆ ರೋಗವಾದರೋ ದನದಿಂದ ಮನುಷ್ಯರಿಗೆ ಅಂಟುವುದಲ್ಲ. ಆಡುಗಳ ಸಿಡುಬಿಗೆಂದು ಇದ್ದ ಲಸಿಕೆಯನ್ನೇ ದನಗಳಿಗೆ ಹಾಕಲಾಯಿತು. ಆದರೆ ಲಸಿಕೆಯು ಆರೋಗ್ಯದಿಂದಿರುವ ದನಕ್ಕೆ ಮಾತ್ರ. ಆದಕಾರಣ ಸುದ್ದಿಯು ರೋಗಕ್ಕಿಂತ ಮೊದಲು ಕೊಟ್ಟಿಗೆಯನ್ನು ಮುಟ್ಟಬೇಕು. ಮೈಮೇಲೆ ಗಂಟೆದ್ದ ಹಸುವನ್ನು ಯಾರಿಗೂ ಹೇಳದೆ ಮುಚ್ಚಿಟ್ಟರೆ ನೆರೆಮನೆಯ ಹಸುವಿಗೂ ಅಪಾಯ. ಸೊಳ್ಳೆ ನೊಣಗಳು ರೋಗವನ್ನು ಹೊತ್ತೊಯ್ಯುತ್ತವೆ. ಹಾಲಿನ ಆದಾಯ ನಿಂತೀತೆಂಬ ಭಯದಿಂದ ಬಾಯಿ ಕಟ್ಟಿಕೊಂಡವರನ್ನು ಸುಮ್ಮನೆ ನಿಂದಿಸಲು ನಮಗೆ ಮನಸ್ಸಿಲ್ಲ. ಒಂದೇ ಹಸುವನ್ನು ನಂಬಿದ ಮನೆಗೆ ಹದಿನೈದು ದಿನದ ಹಾಲಿನ ಹಣವೆಂದರೆ ಸಣ್ಣದೇ?

ಈಗ ಎಷ್ಟೋ ಡೈರಿಗಳಲ್ಲಿ ಯಂತ್ರವೇ ಹಾಲನ್ನು ತೂಗಿ ಚೀಟಿ ಕೊಡುತ್ತದೆ, ಹಣ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ಲೆಕ್ಕ ಚೊಕ್ಕಟವಾಯಿತು, ಬಟವಾಡೆಯ ದಿನ ಜಗಲಿಯ ಮೇಲೆ ಕುಳಿತು ಆಡುತ್ತಿದ್ದ ಮಾತು ಕಡಮೆಯಾಯಿತು. ಆದರೂ ಹಾಲು ಹಾಕಲು ಇನ್ನೂ ಮನುಷ್ಯರೇ ಬರಬೇಕು. ಮುಂಜಾನೆಯ ಸಾಲು ಇನ್ನೂ ಕರಗಿಲ್ಲ.