ಜೀವಕೋಶದೊಳಗೊಂದು ಕೊಟ್ಟಿಗೆಹಾರ

‘ಅಲ್ಲ ಮಾರಾಯ್ತಿ, ಪಕ್ಕದ ಬೆಡ್ಡಿನವರಿಗೆ ಆ ಇಂಜೆಕ್ಷನ್ ಕೊಡ್ತಾರೆ. ನನಗೆ ಮಾತ್ರ ಯಾಕೆ ಬೇಡವಂತೆ? ದುಡ್ಡು ಕಟ್ಟೋಕೆ ಆಗಲ್ಲ ಅಂದ್ಕೊಂಡ್ರಾ?’

ಕಳಸದ ಹತ್ತಿರ ನಾಲ್ಕು ಎಕರೆ ಕಾಫಿ ತೋಟ ಮಾಡಿಕೊಂಡಿದ್ದ ದೊಡ್ಡಪ್ಪ ಹೀಗೆ ಕೇಳಿದಾಗ ನಾನು ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೆ. ಮನೆಯಲ್ಲಿ ಸೈನ್ಸ್ ಓದಿದವಳು ನಾನೊಬ್ಬಳೇ. ಉತ್ತರ ಹೇಳುವ ಕೆಲಸ ನನ್ನ ಪಾಲಿಗೇ ಬಂತು.

ಅವರಿಗೆ ಆಗಿದ್ದು ದೊಡ್ಡ ಕರುಳಿನ ಕ್ಯಾನ್ಸರ್. ಕಾಫಿ ಕೊಯ್ಲಿನ ಸಮಯದಲ್ಲೇ ಮಲದಲ್ಲಿ ರಕ್ತ ಕಂಡಿತ್ತು. ‘ಉಷ್ಣ ಜಾಸ್ತಿಯಾಗಿ ಮೂಲವ್ಯಾಧಿ ಆಗಿರಬೇಕು’ ಎಂದು ಮನೆಮದ್ದು ಮಾಡಿಕೊಂಡರು. ಕೊಯ್ಲು ಮುಗಿಯಲಿ, ಮೆಣಸು ಮುಗಿಯಲಿ ಎಂದು ದಿನ ದೂಡಿದರು. ಮಳೆಗಾಲದ ಹೊತ್ತಿಗೆ ಸೊರಗಿ ಹೋಗಿದ್ದರು. ಘಾಟಿ ಇಳಿದು ಕೊಲೊನೋಸ್ಕೋಪಿ ಮಾಡಿಸಿದಾಗ ರೋಗ ಲಿವರ್‌ಗೂ ಹರಡಿತ್ತು. ಗೆಡ್ಡೆಯ ಚೂರನ್ನು ಲ್ಯಾಬಿಗೆ ಕಳಿಸಿ ‘ಕೆ-ರಾಸ್’ ಎಂಬ ಜೀನಿನ ಪರೀಕ್ಷೆ ಮಾಡಿಸಿದರು. ವರದಿ ಬಂದ ಮೇಲೆ ವೈದ್ಯರು ಕೀಮೋ ಮುಂದುವರಿಸಿ, ಆ ಒಂದು ಇಂಜೆಕ್ಷನ್ ಮಾತ್ರ ಕೈಬಿಟ್ಟರು.

ಯಾಕೆ ಕೈಬಿಟ್ಟರೆಂದು ತಿಳಿಯಲು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದ ಪಾಠವನ್ನೇ ಮತ್ತೆ ತೆರೆಯಬೇಕಾಯಿತು.

ನಮ್ಮ ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ. ಹೊಸ ಜೀವಕೋಶ ಹುಟ್ಟಲು ‘ಬೆಳೆ’ ಎಂಬ ಸಂದೇಶ ಬೇಕು, ಸಾಕಾದಾಗ ಆ ಸಂದೇಶ ನಿಲ್ಲಲೂ ಬೇಕು. ಸಂದೇಶವನ್ನು ಹಿಡಿಯುವುದು ಕೋಶದ ಹೊರಮೈಯಲ್ಲಿರುವ ರಿಸೆಪ್ಟರ್‌ಗಳು. ಇವು ಗೋಡೆಗೆ ಹೊಡೆದ ಮೊಳೆಯಂತೆ ಒಂದೇ ಕಡೆ ಇರುವುದಿಲ್ಲ. ಕೆಲಸ ಮಾಡಿದ ರಿಸೆಪ್ಟರನ್ನು ಕೋಶ ಒಳಗೆ ಎಳೆದುಕೊಂಡು ‘ಎಂಡೋಸೋಮ್’ ಎಂಬ ಚೀಲಕ್ಕೆ ತಲುಪಿಸುತ್ತದೆ.

ದೊಡ್ಡಪ್ಪನಿಗೆ ಹೇಳಿದೆ: ‘ಎಂಡೋಸೋಮ್ ಅಂದ್ರೆ ಕೊಟ್ಟಿಗೆಹಾರ ಅಂದ್ಕೊಳಿ. ಕಳಸದಿಂದ ಬಂದ ಬಸ್ಸು ಅಲ್ಲಿಂದ ವಾಪಸ್ ಕಳಸಕ್ಕೇ ಬರಬಹುದು, ಇಲ್ಲಾ ಚಾರ್ಮಾಡಿ ಘಾಟಿ ಇಳಿದು ಹೋಗಬಹುದು.’ ವಾಪಸ್ ಬಂದ ರಿಸೆಪ್ಟರ್ ಮತ್ತೆ ಸಂದೇಶ ಹಿಡಿಯುತ್ತದೆ. ಘಾಟಿ ಇಳಿದದ್ದು ‘ಲೈಸೋಸೋಮ್’ ಸೇರಿ ಕರಗುತ್ತದೆ. ಯಾವ ಬಸ್ಸು ಘಾಟಿ ಇಳಿಯಬೇಕು ಎಂಬ ಬೋರ್ಡು ಹಾಕುವುದು ‘ಯುಬಿಕ್ವಿಟಿನ್’ ಎಂಬ ಪುಟ್ಟ ಪ್ರೊಟೀನ್. ಹೀಗೆ ಗುರುತು ಹಾಕಿ ಪ್ರೊಟೀನ್ ನಾಶ ಮಾಡುವ ವ್ಯವಸ್ಥೆಯನ್ನು ಕಂಡುಹಿಡಿದವರಿಗೆ 2004ರಲ್ಲೂ, ಕೋಶದೊಳಗಿನ ಚೀಲಗಳ ಸಾಗಾಟವನ್ನು ಬಿಡಿಸಿ ತೋರಿಸಿದವರಿಗೆ 2013ರಲ್ಲೂ ನೊಬೆಲ್ ಬಂತು.

ಈಗ ಕರುಳಿನ ಕ್ಯಾನ್ಸರ್‌ಗೆ ಬರೋಣ. ಕರುಳಿನ ಕಾಂಡಕೋಶಗಳ ಮೇಲೆ ‘ಫ್ರಿಝಲ್ಡ್’ ಎಂಬ ರಿಸೆಪ್ಟರ್ ಇದೆ. ಅದಕ್ಕೆ ಬೋರ್ಡು ಹಾಕಿ ಘಾಟಿ ಇಳಿಸುವ ಕೆಲಸ ‘ಆರ್‌ಎನ್‌ಎಫ್ 43’ ಎಂಬ ಪ್ರೊಟೀನಿನದು. ಇದು 2012ರಲ್ಲಿ ಗೊತ್ತಾಯಿತು. ಎರಡು ವರ್ಷಗಳ ನಂತರ ಬಂದ ಅಧ್ಯಯನವೊಂದರಲ್ಲಿ, ದೊಡ್ಡ ಕರುಳಿನ ಗೆಡ್ಡೆಗಳಲ್ಲಿ ನೂರಕ್ಕೆ ಸುಮಾರು 18ರಲ್ಲಿ ಈ ಪ್ರೊಟೀನಿನ ಜೀನೇ ಕೆಟ್ಟಿರುವುದು ಕಂಡುಬಂತು. ಬೋರ್ಡು ಹಾಕುವವನೇ ಇಲ್ಲವಾದರೆ ಬಸ್ಸುಗಳೆಲ್ಲ ವಾಪಸ್ ಕಳಸಕ್ಕೇ ಬಂದು ನಿಲ್ಲುತ್ತವೆ. ಹೊರಮೈಯಲ್ಲಿ ರಿಸೆಪ್ಟರ್‌ಗಳು ಗುಂಪುಗೂಡುತ್ತವೆ. ‘ಬೆಳೆ’ ಎಂಬ ಸಂದೇಶ ನಿಲ್ಲುವುದೇ ಇಲ್ಲ.

ಇದೇ ದಾರಿಯಲ್ಲಿ ಓಡಾಡುವ ಇನ್ನೊಂದು ರಿಸೆಪ್ಟರ್ ‘ಇಜಿಎಫ್‌ಆರ್’. ದೊಡ್ಡಪ್ಪ ಕೇಳಿದ ಇಂಜೆಕ್ಷನ್ ಸೆಟುಕ್ಸಿಮ್ಯಾಬ್. 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧ ಇಜಿಎಫ್‌ಆರ್ ಮೇಲೆ ಕೂತು ಸಂದೇಶವನ್ನು ತಡೆಯುತ್ತದೆ, ರಿಸೆಪ್ಟರನ್ನು ಒಳಗೆಳೆದು ಹೊರಮೈಯಿಂದ ಕಡಿಮೆಯೂ ಮಾಡುತ್ತದೆ. ಆದರೆ ಕೆ-ರಾಸ್ ಇರುವುದು ರಿಸೆಪ್ಟರ್‌ನ ಮುಂದಿನ ಹಂತದಲ್ಲಿ, ಕೋಶದ ಒಳಗೆ. ನೂರು ಗೆಡ್ಡೆಗಳಲ್ಲಿ ಸುಮಾರು 40ರಲ್ಲಿ ಅದು ಕೆಟ್ಟು, ಸದಾ ಚಾಲೂ ಆಗಿಯೇ ಇರುತ್ತದೆ. ಕಾಲಿಂಗ್ ಬೆಲ್ಲಿನ ವೈರೇ ಒಳಗೆ ಶಾರ್ಟ್ ಆಗಿದ್ದರೆ ಬಾಗಿಲ ಬಳಿಯ ಬಟನ್ ಕಿತ್ತರೂ ಗಂಟೆ ನಿಲ್ಲುತ್ತದೆಯೇ?

‘ದುಡ್ಡಿನ ಮಾತೇ ಅಲ್ಲ ದೊಡ್ಡಪ್ಪ. ಕೊಟ್ಟರೂ ಅದು ನಿಮಗೆ ಕೆಲಸ ಮಾಡ್ತಿರಲಿಲ್ಲ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಸರಿ’ ಎಂದರು. ಮೋಸವಾಯಿತು ಎಂಬ ಸಂಕಟವಾದರೂ ಅವರಿಗೆ ಉಳಿಯಲಿಲ್ಲ. ಮುಂದಿನ ಹೂಮಳೆಯವರೆಗೆ ಅವರು ನಮ್ಮೊಂದಿಗಿದ್ದರು.

ಬಿಎಸ್ಸಿ ಮಾಡುತ್ತಿರುವ ಗೆಳೆಯರು ‘ಇದನ್ನೆಲ್ಲ ಓದಿ ಏನು ಕೆಲಸ ಸಿಗುತ್ತೆ’ ಎಂದು ಕೇಳುತ್ತಾರೆ. ನಾನೂ ಕೇಳುತ್ತಿದ್ದೆ. ದೊಡ್ಡಪ್ಪನ ವರದಿಯ ಹಿಂದೆ ಗೆಡ್ಡೆಯ ಚೂರನ್ನು ತೆಳ್ಳಗೆ ಕತ್ತರಿಸಿದ ಟೆಕ್ನೀಶಿಯನ್, ಡಿಎನ್‌ಎ ತೆಗೆದವರು, ಅದನ್ನು ಓದಿದವರು ಎಲ್ಲರೂ ಇದ್ದರು. ಅವೆಲ್ಲ ನಮ್ಮಂಥವರು ಓದಿ ಸೇರಬಹುದಾದ ಕೆಲಸಗಳೇ. ಸಂಶೋಧನೆ ಬೇಕೆನ್ನುವವರಿಗೆ ಬೆಂಗಳೂರು ಹತ್ತಿರವೇ ಇದೆ. ಅಲ್ಲಿನ ಎನ್‌ಸಿಬಿಎಸ್‌ನಲ್ಲಿ ಸತ್ಯಜಿತ್ ಮೇಯರ್ ಅವರ ತಂಡ ಕೋಶಗಳು ಹೊರಮೈಯ ವಸ್ತುಗಳನ್ನು ಒಳಗೆಳೆದುಕೊಳ್ಳುವ ಬಗೆಯನ್ನೇ ವರ್ಷಗಳಿಂದ ಅಧ್ಯಯನ ಮಾಡಿದೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೆ ಸಣ್ಣ ಊರಿನ ಕಾಲೇಜುಗಳ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು.

ಆದರೆ ಅದಕ್ಕೂ ಮೊದಲು ಮನೆಯಲ್ಲಿ ಒಂದು ಮಾತು ಕೇಳಿ. ಸರ್ಕಾರದ ಕ್ಯಾನ್ಸರ್ ತಪಾಸಣೆ ಇರುವುದು ಬಾಯಿ, ಸ್ತನ ಮತ್ತು ಗರ್ಭಕಂಠಕ್ಕೆ. ಕರುಳಿನ ವಿಷಯವನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಮಲದಲ್ಲಿ ರಕ್ತ, ವಾರಗಟ್ಟಲೆ ಸರಿಹೋಗದ ಭೇದಿ ಅಥವಾ ಮಲಬದ್ಧತೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವು ಕಂಡರೆ ನಾಚಿಕೆಯಿಂದ ಮುಚ್ಚಿಡುವುದು ಬೇಡ. ಮೂಲವ್ಯಾಧಿಯೇ ಇರಬಹುದು, ಆದರೆ ಅದನ್ನು ವೈದ್ಯರು ನೋಡಿ ಹೇಳಲಿ.

ಒಡಹುಟ್ಟಿದವರಿಗೆ ಈ ಕಾಯಿಲೆ ಇದ್ದರೆ ನಮಗೂ ಅಪಾಯ ಹೆಚ್ಚು. ನನ್ನ ಅಪ್ಪ ದೊಡ್ಡಪ್ಪನ ಸ್ವಂತ ತಮ್ಮ. ‘ನನಗೇನಾಗಿದೆ’ ಎಂದು ಗೊಣಗುತ್ತಲೇ ಕಳೆದ ಮಳೆಗಾಲದಲ್ಲಿ ಕೊಲೊನೋಸ್ಕೋಪಿಗೆ ಬಂದರು. ಒಳಗೆ ಸಣ್ಣದೊಂದು ಪಾಲಿಪ್ ಇತ್ತು. ಅಂಥದ್ದು ವರ್ಷಗಳು ಉರುಳಿದಂತೆ ಕ್ಯಾನ್ಸರ್ ಆಗಬಹುದಿತ್ತು. ಅಲ್ಲೇ ತೆಗೆದುಹಾಕಿದರು. ಸಂಜೆಯ ಬಸ್ಸಿಗೆ ಅಪ್ಪ ಊರಿಗೆ ಹಿಂತಿರುಗಿದರು.